ವಾಲಿಸದೆ ಕಿಕ್ ಹೊಡೆಯುವುದು

ನಮ್ಮ ಸ್ಕೂಟರ್ ಕಂಪನಿಗೆ ಮೋಟರ್‌ಸೈಕಲ್ ಹುಚ್ಚು ಹಿಡಿದದ್ದು ಎಂಬತ್ತರ ದಶಕದ ನಡುವೆ. ಹೈದರಾಬಾದಿನ ಹುಡುಗರು ಸ್ಕೂಟರ್ ಕಂಡರೆ ಅಪ್ಪನನ್ನು ಕಂಡಂತೆ ಮುಖ ತಿರುಗಿಸುತ್ತಿದ್ದ ಕಾಲ. ಮಾಲೀಕರಾದ ದತ್ತಾತ್ರೇಯರಾಯರು ಉಪಾಯ ಹೂಡಿದರು: ಹೊಸ ಗಾಡಿ ಹುಡುಗರಿಗಾಗಿ, ಅದರ ಮೇಲೆ ಸ್ಕೂಟರಿನ ನೆರಳೂ ಬೀಳಬಾರದು. ಬಣ್ಣ ಬೇರೆ, ಬೋರ್ಡು ಬೇರೆ, ಜಾಹೀರಾತಿನಲ್ಲಿ ಆಗಷ್ಟೇ ಮೀಸೆ ಚಿಗುರಿದವರು. ಅದರ ಮಾರಾಟದ ಮುಖ್ಯಸ್ಥನನ್ನಾಗಿ ಮಾತ್ರ, ಆಯುಷ್ಯವಿಡೀ ಸ್ಕೂಟರನ್ನೇ ನಂಬಿದ್ದ ನಮ್ಮ ಪ್ರಾಣೇಶನನ್ನು ಆರಿಸಿದರು. ಬೇರೆ ಯಾರಿದ್ದರು ಹೇಳಿ?

"ಪ್ರಾಣೇಶಾ, ಡೀಲರುಗಳ ಮುಂದ ನೀನಽ ಗಾಡಿ ಚಾಲೂ ಮಾಡಿ ತೋರಸಬೇಕು. ಸ್ಕೂಟರ್‌ನಂಗ ವಾಲಿಸಿದಿ ಅಂದ್ರ, ಮತ್ತ ಸ್ಪೇರ್ ಪಾರ್ಟ್ಸ್ ಗೋಡೌನಿಗೆ ಕಳಸತೀನಿ" ಎಂದರು ರಾಯರು.

ಆಗಿನ ಸ್ಕೂಟರನ್ನು ಒಮ್ಮೆ ಪಕ್ಕಕ್ಕೆ ವಾಲಿಸಿ, ಪೆಟ್ರೋಲು ಇಳಿಸಿ, ಆಮೇಲೆ ಕಿಕ್ ಹೊಡೆದರಷ್ಟೇ ಅದು ಮಾತಾಡುತ್ತಿತ್ತು. ಮೋಟರ್‌ಸೈಕಲ್ಲಿಗೆ ಅದು ಬೇಕಿರಲಿಲ್ಲ. ಪ್ರಾಣೇಶನ ಕೈಗೆ ಅದೇ ರೂಢಿ. ಕಾಚಿಗೂಡದ ಮನೆಯಂಗಳದಲ್ಲಿ ಅಭ್ಯಾಸ ಶುರುವಾಯಿತು. ಬಾಗಿಲಲ್ಲಿ ಹೆಂಡತಿ ಮಂದಾಕಿನಿಯ ಕಾವಲು.

"ಅಯ್ಯ, ಮತ್ತ ವಾಲಸಿದ್ರಿ! ನೆಟ್ಟಗ ನಿಂದರಸ್ರಿ!"

ಈ ಕಥೆ ಕೇಳಿ ಕಚೇರಿಯಲ್ಲಿ ನಾವೆಲ್ಲ ನಗುತ್ತಿದ್ದೆವು. ಆದರೂ ನನಗೆ ಒಳಗೊಳಗೇ ಮರುಕ. ಆ ಗೋಡೌನಿನ ಧೂಳಿನಿಂದ ಹೊರಬರಲು ಅವನು ಪಟ್ಟ ಪಾಡನ್ನು ಕಣ್ಣಾರೆ ಕಂಡವನು ನಾನು.

ಅಮೀರ್‌ಪೇಟೆಯ ಹೋಟೆಲೊಂದರ ಅಂಗಳದಲ್ಲಿ ಡೀಲರುಗಳು ಸೇರಿದರು. ರಾಯರು ಹುಡುಗರ ಮನಸ್ಸಿನ ಬಗ್ಗೆ ಉದ್ದಕ್ಕೆ ಭಾಷಣ ಬಿಗಿದರು. ಕೇಳುತ್ತಿದ್ದವರಲ್ಲಿ ತಲೆ ನೆರೆಯದವರು ಒಬ್ಬರೂ ಇರಲಿಲ್ಲ. ಪ್ರಾಣೇಶ ಬಂದ, ನಮಸ್ಕಾರ ಮಾಡಿದ, ಗಾಡಿ ಹಿಡಿದ. ಹಿಡಿದವನೇ ಆರಾಮವಾಗಿ ಪಕ್ಕಕ್ಕೆ ವಾಲಿಸಿದ.

ರಾಯರು ಇಂಗು ತಿಂದ ಮಂಗನಂತಾದರು. ಮಾಡಿದ್ದೇನೆಂದು ಹೊಳೆದದ್ದೇ ಪ್ರಾಣೇಶ ಕಣ್ಣು ಮುಚ್ಚಿ ಕಿಕ್ ಹೊಡೆದ. ಗಾಡಿ ಚಾಲೂ ಆಯಿತು. ಪಾಪ, ಅವನಿಗೆ ಕಾಣುತ್ತಿದ್ದದ್ದು ಗೋಡೌನೇ.

ದಿಲ್‌ಸುಖ್‌ನಗರದ ಡೀಲರ್ ಸೂಗಪ್ಪ ಎದ್ದು ನಿಂತರು.

"ವಾಲಸಿದ್ರೂ ಏನೂ ಆಗೂದಿಲ್ಲೇನ್ರಿ ಇದಕ್ಕ?"

"ಇಲ್ರಿ" ಎಂದ ಪ್ರಾಣೇಶ, ಸತ್ತ ದನಿಯಲ್ಲಿ.

"ಹಂಗಾದ್ರ ಮೊದಲನೇ ಲಾರಿ ನನಗ ಕಳಸ್ರಿ. ರಾಯರಽ, ಗಾಡಿ ಮಗ ಆರಸ್ತಾನ ಖರೆ, ರೊಕ್ಕ ಕೊಡಾವ ಅಪ್ಪ. ಅವ ಬಂದಾವನಽ ವಾಲಸೇ ನೋಡ್ತಾನ. ಇವರನ್ನ ನೋಡಿದ್ರ ಅವಗ ಧೈರ್ಯ ಬರತೈತಿ."

ಉಳಿದವರೂ ಹೌದು ಹೌದೆಂದರು. ರಾಯರು ಪಕ್ಕಾ ವ್ಯಾಪಾರಿ. ಕ್ಷಣದಲ್ಲಿ ಮುಖ ಸರಿಮಾಡಿಕೊಂಡರು. "ಅದಕ್ಕಽ ಅಲ್ಲೇನ್ರಿ, ನಾ ಇವನ್ನ ಆರಿಸಿದ್ದು! ಪ್ರಾಣೇಶಾ, ಎಲ್ಲಾ ಊರಾಗೂ ಹಿಂಗಽ ಮಾಡಿ ತೋರಸು."

ಆ ಸಂಜೆ ಸುದ್ದಿ ಕೇಳಿ ಮಂದಾಕಿನಿಗೆ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮದಿವ್ಯಾದಾಗಿಂದ ನಿಮ್ಮನ್ನ ತಿದ್ದಾಕತ್ತೀನಿ. ನೀವು ತಿದ್ದಿಕೊಳ್ಳದಽ ಇದ್ದದ್ದು ಭಾಳ ಛಲೋ ಆತು ನೋಡ್ರಿ."