ಹನ್ನೆರಡರೊಳಗೆ ಪೈಥಾನ್

ಬಿಳಿ ಅಕ್ಷರಗಳು ಕಪ್ಪು ಪರದೆಯ ಮೇಲೆ ಓಡುತ್ತಿವೆ, ಓಡಲಿ, ನಿಲ್ಲದಿದ್ದರೆ ಸಾಕು, ಗಂಟೆ ಹನ್ನೊಂದೂಕಾಲು, ಹನ್ನೆರಡಕ್ಕೆ ಗುಜರಿ ಗಾಡಿ ಬರುತ್ತದೆ, ಲ್ಯಾಬಿನ ಒಂಬತ್ತು ಕಂಪ್ಯೂಟರ್‌ಗಳೂ ತೂಕಕ್ಕೆ — ಬೆಳಿಗ್ಗೆ ಹೆಡ್‌ಮಾಸ್ಟರ್ ಗೋವಿಂದಯ್ಯನವರು ಬಾಗಿಲಲ್ಲೇ ನಿಂತು ಹೇಳಿದರು, ಸುಮೇರಾ ಮೇಡಂ, ಒಂದಾದ್ರೂ ಓಡ್ಸಿ ತೋರ್ಸಿ, ಗಾಡಿ ವಾಪಸ್ ಕಳಿಸ್ತೀನಿ, ಇಲ್ಲಾಂದ್ರೆ ನನ್ನ ಕೇಳ್ಬೇಡಿ. ಭದ್ರಾವತಿಯ ಈ ಶಾಲೆಯಲ್ಲಿ ಇಪ್ಪತ್ತಾರು ಹುಡುಗಿಯರು ಎರಡು ವರ್ಷದಿಂದ ಪ್ರೋಗ್ರಾಮನ್ನು ಕರಿಹಲಗೆಯ ಮೇಲೆ ಕಲಿಯುತ್ತಿದ್ದಾರೆ, ಸೀಮೆಸುಣ್ಣದಲ್ಲಿ ಬರೆದು, ಉತ್ತರವನ್ನೂ ತಾವೇ ಬರೆದುಕೊಂಡು. ನಿನ್ನೆ ಸೋತೆ, ಪ್ರೋಗ್ರಾಂ ಬರೆಯುವ ಭಾಷೆ ಪೈಥಾನನ್ನು ಸಿದ್ಧರೂಪದಲ್ಲೇ ಪೆನ್‌ಡ್ರೈವಿನಲ್ಲಿ ತಂದಿದ್ದೆ, ಈ ಕಂಪ್ಯೂಟರ್‌ಗಳನ್ನು ನಡೆಸುವ ಲಿನಕ್ಸ್ ಅದನ್ನು ಮುಟ್ಟಲೇ ಇಲ್ಲ, ಅದು ಹೊಸ ಯಂತ್ರಗಳಿಗಂತೆ, ಇವೋ ಹದಿನೆಂಟು ವರ್ಷ ಹಳೆಯವು, ನೆಟ್ ಬೇರೆ ಇಲ್ಲ, ಬಸ್ಸಿನಲ್ಲಿ ಶಿವಮೊಗ್ಗ ಮುಟ್ಟುವವರೆಗೂ ಕಿಟಕಿಯ ಕಡೆಗೇ ಮುಖ, ರವೀಂದ್ರನಗರದ ಮನೆಯಲ್ಲಿ ಅಬ್ಬಾ ನನ್ನ ಕತೆ ಕೇಳುತ್ತಾ ಕೈಯ ಗ್ರೀಸು ಒರೆಸಿಕೊಳ್ಳುತ್ತಿದ್ದಾರೆ, ನಲವತ್ತು ವರ್ಷ ಲಾರಿ ರಿಪೇರಿ ಮಾಡಿದ ಕೈ, ಏನಮ್ಮಾ, ಹಳೇ ಗಾಡಿಗೆ ಹೊಸ ಪಾರ್ಟ್ ಕೂರ್ತಿಲ್ವಾ, ನಾವಾದ್ರೆ ಲೇತಿಗೆ ಕೊಟ್ಟು ಅದೇ ಗಾಡಿ ಅಳತೆಗೆ ಮಾಡಿಸ್ತೀವಿ — ಚಹಾದ ಲೋಟ ಕೈಯಲ್ಲೇ ನಿಂತಿತು, ಹೌದಲ್ಲ, ಇಲ್ಲೂ ಮಾಡಿಸಬಹುದು, ಪೈಥಾನಿನ ಮೂಲ ಕೋಡನ್ನೇ ತಂದು ಈ ಯಂತ್ರದೊಳಗೆ ಇದರದೇ ಅಳತೆಗೆ ಕಟ್ಟಿಸಬಹುದು, ಕಟ್ಟುವ ಕಂಪೈಲರ್ ಮೊದಲಿನಿಂದಲೂ ಇದರಲ್ಲೇ ಇದೆ, ರಾತ್ರಿಯೇ ಮೂಲವನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡೆ. ಇವತ್ತು ಬೆಳಿಗ್ಗೆ, ಕಟ್ಟು ಎಂದು ಹೇಳುವ ಆಜ್ಞೆ, ಮೇಕ್ ಎಂದು ಟೈಪಿಸಿದಾಗ ಪಕ್ಕದಲ್ಲಿ ನಿಂತಿದ್ದ ವೀಣಾ, ಹತ್ತನೆಯ ತರಗತಿಯವಳು, ಮೇಕೆನಾ ಮಿಸ್, ಎಂದಳು, ಹುಡುಗಿಯರೆಲ್ಲ ನಕ್ಕರು, ನಾನೂ.

ನಿಂತಿತು. ಹನ್ನೊಂದು ಐವತ್ತು. ಕಟ್ಟುವುದು ಮುಗಿದಿದೆ, ಆದರೆ ಕೂರಿಸಲು ಅನುಮತಿ ಇಲ್ಲ ಎನ್ನುತ್ತಿದೆ, ಪಾಸ್‌ವರ್ಡ್ ಕೇಳುತ್ತಿದೆ, ಅದನ್ನು ಇಟ್ಟವರು ಶಾಲೆ ಬಿಟ್ಟೇ ಆರು ವರ್ಷ, ಹೊರಗೆ ಗಾಡಿಯ ಹಾರನ್, ಯಾರ ಅನುಮತಿ, ಯಾಕೆ, ಇಡೀ ಯಂತ್ರ ನನ್ನದಲ್ಲದಿರಬಹುದು, ನನ್ನ ಹೆಸರಿನ ಫೋಲ್ಡರ್ ನನ್ನದು, ಅಲ್ಲಿಗೇ ಕೂರಿಸುತ್ತೇನೆ, ದಾರಿ ಬದಲಿಸಿ ಬರೆದೆ, ಎಂಟರ್ — ಓಡಿತು, ಮತ್ತೆ ಓಡಿತು, ಗೋವಿಂದಯ್ಯನವರು ಬೆನ್ನ ಹಿಂದೆ ಬಂದು ನಿಂತಿದ್ದಾರೆ, ಉಸಿರು ಕೇಳಿಸುತ್ತಿದೆ, ಕೂತಿತು. ಕೂರು ವೀಣಾ, ನಾನು ಕುರ್ಚಿ ಬಿಟ್ಟುಕೊಟ್ಟೆ, ಒಂದರಿಂದ ನೂರರವರೆಗೆ ಕೂಡುವ ಸಾಲು, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾಳೆ, ಐದು ಸಾವಿರದ ಐವತ್ತು, ಅದೇ ಹೇಳ್ತಿದೆ ಮಿಸ್, ನಾನು ಬರೀಲಿಲ್ಲ, ಅದೇ ಹೇಳ್ತಿದೆ. ಗೋವಿಂದಯ್ಯನವರು ಕಿಟಕಿಗೆ ಹೋಗಿ ಡ್ರೈವರನನ್ನು ಕರೆಯುತ್ತಾರೆ, ಹೋಗ್ಬನ್ನಿ ಮಾರಾಯ್ರೆ, ಇಲ್ಲಿ ಗುಜರಿ ಇಲ್ಲ, ಗಾಡಿ ತಿರುಗುವ ಸದ್ದು, ಇನ್ನೂ ಎಂಟು ಯಂತ್ರಗಳಿಗೆ ಕೂರಿಸಬೇಕು, ಅಬ್ಬಾಗೆ ಫೋನ್ ಮಾಡಬೇಕು, ಮಾಡುತ್ತೇನೆ, ಈಗಲ್ಲ, ಈಗ ಉತ್ತರದ ಕೆಳಗೆ ಮೂರು ಪುಟ್ಟ ಬಾಣಗಳು, ಪಕ್ಕದಲ್ಲಿ ಮಿಡಿಯುವ ಒಂದು ಗೆರೆ, ಇನ್ನೇನು ಕೇಳುತ್ತೀರಿ ಎಂಬಂತೆ, ಮೂರು ಬಾಣ, ಮಿಡಿಯುವ ಗೆರೆ, ಮೂರು ಬಾಣ —