ಓಲಗದ ಅಶ್ವತ್ಥಪ್ಪನವರ ಹೊಟ್ಟೆಯ ತೇಪೆ

ಟಿಕ್.

ರಾತ್ರಿ ಎರಡು ಗಂಟೆ ಮೀರಿತ್ತು. ಕಾರ್ಖಾನೆಯ ಹೆಣಿಗೆ ಯಂತ್ರದ ಸೂಜಿ ಕೊನೆಯ ಕುಣಿಕೆ ಬಿಗಿದು ನಿಂತ ಸದ್ದು ಅದು. ನಾನು ಕೇಳಿದ ಮೊದಲ ಸದ್ದು. ನಾನು ಒಂದು ಬಲೆ. ಮೀನಿನ ಬಲೆಯಲ್ಲ. ಅಂಗೈಯಗಲದ, ಸೊಳ್ಳೆಪರದೆಯಂಥ ಬಿಳಿ ತುಂಡು. ಹರ್ನಿಯಾ ಆದವರ ಹೊಟ್ಟೆಯ ಗೋಡೆಗೆ ಹಾಕುವ ತೇಪೆ.

ಪಾಳಿಯ ಹೆಂಗಸೊಬ್ಬಳು ನನ್ನನ್ನು ದೀಪಕ್ಕೆ ಹಿಡಿದು ಎಳೆಗಳ ನಡುವಿನ ಒಂದೊಂದೇ ಕಣ್ಣು ಪರೀಕ್ಷಿಸಿದಳು. ಎರಡು ಹೊದಿಕೆಯ ಪೊಟ್ಟಣದೊಳಗೆ ನನ್ನನ್ನು ಮುಚ್ಚಿದರು. ಬೆನ್ನಿಗೆ ಒಂದು ದಿನಾಂಕ ಒತ್ತಿದರು. ಅಷ್ಟರೊಳಗೆ ಯಾರಿಗೂ ಉಪಯೋಗವಾಗದಿದ್ದರೆ ನಾನು ಕಸ. ಚಿಂತಾಮಣಿಯ ಆಸ್ಪತ್ರೆಯೊಂದರ ಕಪಾಟಿನಲ್ಲಿ ಎರಡು ವರ್ಷ ಆ ದಿನಾಂಕದ ಮೇಲೇ ಮಲಗಿದ್ದೆ. ಬಾಗಿಲು ತೆರೆದಾಗಲೆಲ್ಲ ಉಸಿರು ಬಿಗಿಹಿಡಿಯುತ್ತಿದ್ದೆ. ಪಕ್ಕದವರು ಹೋಗುತ್ತಿದ್ದರು, ನಾನು ಉಳಿಯುತ್ತಿದ್ದೆ.

ಕೊನೆಗೆ ನನ್ನ ಸರದಿ ಬಂತು. ಅಶ್ವತ್ಥಪ್ಪನವರು ಓಲಗದವರು. ಮೂವತ್ತು ವರ್ಷ ಮದುವೆಮನೆಗಳಲ್ಲಿ ನಾಗಸ್ವರ ಊದಿದವರು. ಹೊಕ್ಕುಳ ಮೇಲೆ ನಿಂಬೆಹಣ್ಣಿನಷ್ಟು ಉಬ್ಬು ಬಂದಿದ್ದರೂ ಅದರ ಮೇಲೆ ಪಂಚೆ ಬಿಗಿದುಕೊಂಡು ಮೂರು ಹಂಗಾಮು ಊದಿದ್ದರಂತೆ. ಡಾಕ್ಟರಮ್ಮ ಅಶ್ವತ್ಥಪ್ಪನವರ ಹೆಂಡತಿ ಲಲಿತಮ್ಮನಿಗೆ ಬಿಡಿಸಿ ಹೇಳಿದರು: "ಹಳೇ ಸೀರೆ ಹರಿದ ಕಡೆ ಬರೀ ಹೊಲಿದ್ರೆ ಪಕ್ಕದಲ್ಲಿ ಹರಿಯುತ್ತೆ ಅಲ್ವಾ? ಅದಕ್ಕೇ ತೇಪೆ ಕೊಟ್ಟು ಹೊಲಿತೀವಿ."

ಎಂಥ ಬೆಳಕು ಅದು! ಪೊಟ್ಟಣ ಹರಿದು, ಕೈಗವಸಿನ ಬೆರಳುಗಳು ನನ್ನನ್ನು ಸುಕ್ಕಿಲ್ಲದಂತೆ ಹರಡಿ, ಸುತ್ತ ಹೊಲಿಗೆ ಹಾಕಿದವು. ಆಮೇಲೆ ಕತ್ತಲು, ಬಿಸಿ, ಪಕ್ಕದಲ್ಲೇ ಒಂದು ಉಸಿರು. ಇನ್ನು ನನಗೆ ಕೇಳುವುದೇ ನೋಡುವುದು.

ಮೂರು ತಿಂಗಳು ಊದುವ ಹಾಗಿರಲಿಲ್ಲ. ಅಶ್ವತ್ಥಪ್ಪನವರು ಸೀನು ಬಂದರೂ ಹೊಟ್ಟೆಗೆ ದಿಂಬು ಒತ್ತಿಕೊಳ್ಳುತ್ತಿದ್ದರು. ಅವರ ಭಯ ಅಂಗೈಯಿಂದ ನನಗೆ ತಿಳಿಯುತ್ತಿತ್ತು. ತಿಂಗಳುಗಳು ಕಳೆದ ಮೇಲೂ ಉಸಿರು ಬರದೇ ಹೋದರೆ? ಓಲಗ ಬಿಟ್ಟರೆ ತಾನು ಯಾರು? ನನಗೂ ಅದೇ ಚಿಂತೆ. ನನ್ನ ಕಣ್ಣುಗಳೊಳಗೆ ದಿನವೂ ಕೂದಲೆಳೆಯಷ್ಟು ಮಾಂಸ ಬೆಳೆದು ಹೆಣೆದುಕೊಳ್ಳುತ್ತಿತ್ತು. ಸಾಕೇ? ಇನ್ನೂ ಬೇಕೇ?

ಅಶ್ವತ್ಥಪ್ಪನವರು ಮೊದಲೇ ಒಪ್ಪಿಕೊಂಡಿದ್ದ ಒಂದು ಮದುವೆಗೆ ಲಲಿತಮ್ಮನ ತಮ್ಮ ಗಂಗಾಧರ ಊದಬೇಕಾಯಿತು. ತಾನೇ ಮುಂದೆ ಕೂತು ನಡೆಸುವ ಮೊದಲ ಮದುವೆ. ಭಾವ ಪಕ್ಕದಲ್ಲಿದ್ದರೆ ಧೈರ್ಯ ಎಂದು ಅವನು ಕರೆದ. ಮೂರು ತಿಂಗಳಿಗೆ ಇನ್ನೂ ಒಂಬತ್ತು ದಿನ ಬಾಕಿ. ಶ್ರುತಿಪೆಟ್ಟಿಗೆ ಹಿಡಿದು ಸುಮ್ಮನೆ ಕೂರುವುದೆಂದು ಹೆಂಡತಿಗೆ ಮಾತು ಕೊಟ್ಟೇ ಬಂದರು.

ಮುಹೂರ್ತಕ್ಕೆ ಕಾಲು ಗಂಟೆ ಇದೆಯೆಂದು ಗಂಗಾಧರ ಕಾಫಿಗೆ ಅಡುಗೆಮನೆ ಕಡೆ ಹೋದ. ಪುರೋಹಿತರಿಗೆ ಅವಸರ. ಅಂತರಪಟ ಸರಿದೇಬಿಟ್ಟಿತು. ಮಂಟಪದ ಮೇಲಿನಿಂದ ಕೂಗು ಕೇಳಿತು: "ಗಟ್ಟಿಮೇಳ, ಗಟ್ಟಿಮೇಳ!"

ತಾಳಿ ಕಟ್ಟುವಾಗ ಸೀನು, ಅಳು, ಕೆಟ್ಟ ಮಾತು ಯಾವುದೂ ಯಾರ ಕಿವಿಗೂ ಬೀಳಬಾರದು, ಅದಕ್ಕೇ ಗಟ್ಟಿಮೇಳ. ಆಗ ಓಲಗ ಮೌನವಾದರೆ ಗಂಗಾಧರನನ್ನು ಆ ಸೀಮೆಯಲ್ಲಿ ಮತ್ತೆ ಯಾರೂ ಕರೆಯುವುದಿಲ್ಲ. ಡೋಲಿನ ಚನ್ನರಾಯಪ್ಪ ಒಬ್ಬನೇ ಬಡಿಯತೊಡಗಿದ. "ಅಣ್ಣಾ, ಊದಬ್ಯಾಡ, ಹೊಟ್ಟೆ ನೋಡ್ಕೊ" ಎಂದ. ಅಷ್ಟರಲ್ಲಿ ಅಶ್ವತ್ಥಪ್ಪನವರ ಕೈ ಚಾಪೆಯ ಮೇಲಿನ ನಾಗಸ್ವರ ಎತ್ತಿಯಾಗಿತ್ತು.

ಉಸಿರು ಇಳಿಯಿತು. ಇಳಿಯುತ್ತಲೇ ಹೋಯಿತು, ನನ್ನ ಕೆಳಗಿನವರೆಗೆ. ಆಮೇಲೆ ಇಡೀ ಹೊಟ್ಟೆ ಕಲ್ಲಾಯಿತು. ನಾನು ನಾಲ್ಕೂ ಕಡೆಯಿಂದ ಎಳೆಯಲ್ಪಟ್ಟೆ. ಒಂದು ಮೂಲೆಯಲ್ಲಿ ಚುರುಕ್ ಎಂದಿತು. ಹೋಯಿತು, ಕಿತ್ತುಬಂತು ಎಂದುಕೊಂಡೆ. ಕಿತ್ತುಬರಲಿಲ್ಲ! ನನ್ನೊಳಗೆ ಹೆಣೆದುಕೊಂಡಿದ್ದ ಅವರ ಮಾಂಸ ನನ್ನನ್ನು ಹಿಡಿದಿತ್ತು, ನಾನು ಅವರನ್ನು ಹಿಡಿದಿದ್ದೆ. ಸ್ವರ ಏರಿತು, ಡೋಲು ಬೆನ್ನಟ್ಟಿತು, ನಾನು ತಂತಿಯಂತೆ ನಡುಗಿದೆ. ಎರಡು ವರ್ಷ ಕಪಾಟಿನಲ್ಲಿ ಕಾದದ್ದು ಈ ಎರಡು ನಿಮಿಷಕ್ಕೇ!

ಜನರೆಲ್ಲ ಎದ್ದು ನಿಂತು ವಧೂವರರ ಮೇಲೆ ಅಕ್ಷತೆ ಎಸೆಯುತ್ತಿದ್ದರು. ಕಂಬದ ಹಿಂದಿನ ಚಾಪೆಯ ಕಡೆ ಯಾರೂ ತಿರುಗಲಿಲ್ಲ. ಗಂಗಾಧರ ಓಡಿ ಬಂದಾಗ ತಾಳಿ ಕಟ್ಟಿ ಮುಗಿದಿತ್ತು. ಅಶ್ವತ್ಥಪ್ಪನವರು ನಾಗಸ್ವರವನ್ನು ಅವನ ಕೈಗಿಟ್ಟು ಶ್ರುತಿಪೆಟ್ಟಿಗೆ ಹಿಡಿದು ಕೂತರು.

ಹೆಣ್ಣಿನ ಸೋದರಮಾವ ಬಂದು ಗಂಗಾಧರನ ಬೆನ್ನು ತಟ್ಟಿದರು. "ಏನ್ ಊದ್ದೆ ಕಣಪ್ಪಾ. ಮುಂದಿನ ತಿಂಗಳು ನಮ್ಮ ಹುಡುಗನ ಮದುವೆಗೂ ನೀನೇ ಬರ್ಬೇಕು."

ಗಂಗಾಧರ ತಡೆದ. "ಅದು ನಾನಲ್ಲ, ಭಾವ—"

"ಭಾವ ಹೇಳ್ಕೊಟ್ಟಿದ್ದು ಅಂತಾನೆ" ಎಂದು ಅಶ್ವತ್ಥಪ್ಪನವರು ಅವನ ತೊಡೆ ಅದುಮಿದರು.

ಸೋದರಮಾವ ಅತ್ತ ಹೋದ ಮೇಲೆ ಚನ್ನರಾಯಪ್ಪ ಕಿಸಕ್ಕನೆ ನಕ್ಕ. "ಊದಿದ್ದು ನೀನು, ಮುಂದಿನ ಮದುವೆ ವೀಳ್ಯ ಅವನಿಗೆ. ಹೇಳ್ಲಾ ಎಲ್ರಿಗೂ?"

ಅಶ್ವತ್ಥಪ್ಪನವರ ಅಂಗೈ ಅಂಗಿಯ ಮೇಲಿಂದಲೇ ನನ್ನ ಮೇಲೆ ಕೂತಿತು. ಮೂರು ತಿಂಗಳಲ್ಲಿ ಮೊದಲ ಸಲ ಅದರಲ್ಲಿ ಭಯವಿರಲಿಲ್ಲ. ತನ್ನ ಉಸಿರು ತನ್ನ ಬಳಿಯೇ ಇದೆ; ಅವರಿಗೆ ಬೇಕಾದದ್ದು ಅಷ್ಟೇ ಆಗಿತ್ತು.

ನಾನಿನ್ನು ಬೇರೆ ಕೈಗೆ ಹೋಗುವವಳಲ್ಲ. ಎಲ್ಲಿ ನಾನು ಮುಗಿದು ಅವರು ಶುರುವಾಗುತ್ತಾರೆಂದು ಈಗ ಯಾವ ಡಾಕ್ಟರಮ್ಮನಿಗೂ ಗೊತ್ತಾಗದು. ಅವರ ಮುಪ್ಪೇ ನನ್ನ ಮುಪ್ಪು.

ಸಂಜೆ ಲಲಿತಮ್ಮ ಕೇಳಿದರು: "ಗಟ್ಟಿಮೇಳ ಹೆಂಗಾಯ್ತು?"

"ನಿನ್ನ ತಮ್ಮ ಹೆಸರು ಉಳಿಸ್ದ" ಎಂದರು ಅಶ್ವತ್ಥಪ್ಪನವರು. ಮಿಕ್ಕದ್ದನ್ನು ಹೆಂಡತಿಗೂ ಡಾಕ್ಟರಮ್ಮನಿಗೂ, ಯಾರಿಗೂ ಹೇಳುವುದಿಲ್ಲವೆಂದು ಅವರು ದಾರಿಯಲ್ಲೇ ನಿರ್ಧರಿಸಿದ್ದರು.