ಸೋಲದೇವನಹಳ್ಳಿಯ ರಫೇಲ್

ಚೇರ್ಮನ್ ವಿಜಯ್ ಕುಮಾರ್ ಮೊದಲು ಸೈಟು ಮಾರುತ್ತಿದ್ದರು, ಈಗ ಸೀಟು ಮಾರುತ್ತಾರೆ. ಎರಡಕ್ಕೂ ಒಂದೇ ಬುದ್ಧಿ ಸಾಕಾದ್ದರಿಂದ ಹೊಸದೇನನ್ನೂ ಕಲಿಯುವ ಕಷ್ಟ ಅವರಿಗೆ ಬರಲಿಲ್ಲ. ಸೋಲದೇವನಹಳ್ಳಿಯಲ್ಲಿ ಲೇಔಟ್ ಮಾಡಲೆಂದು ಹಿಡಿದಿದ್ದ ಜಮೀನಿನಲ್ಲೇ ಇಂಜಿನಿಯರಿಂಗ್ ಕಾಲೇಜು ಕಟ್ಟಿಸಿ, ತಾಯಿಯ ಹೆಸರಿಟ್ಟು, ವಿಮಾನದ ವಿಭಾಗವನ್ನೂ ತೆರೆದರು. ವಿಮಾನದ ವಿಭಾಗ ಎಂದಮೇಲೆ ವಿಮಾನ ಬೇಕಲ್ಲ? ವಾಯುಪಡೆಯಿಂದ ಇಳಿಸಿದ ಹಳೆಯ ವಿಮಾನವೊಂದು ಬಂತು. ಅದನ್ನು ನೋಡಿಕೊಳ್ಳಲು ವಾಯುಪಡೆಯಿಂದ ಇಳಿದ ಹಳೆಯ ಮನುಷ್ಯನೊಬ್ಬನೂ ಬಂದ. ಅವನೇ ಚಿಕ್ಕಬಾಣಾವರದ ಹನುಮಯ್ಯ.

ವಿಮಾನದ ಹೆಸರು ನ್ಯಾಟ್. ಮೂವತ್ತಡಿ ಉದ್ದ, ನೆಲದಲ್ಲಿ ನಿಂತವನ ಕೈಗೆ ಪೈಲಟ್ಟಿನ ಭುಜ ಸಿಗುವಷ್ಟು ಗಿಡ್ಡ. ಬೆಂಗಳೂರಿನಲ್ಲೇ ತಯಾರಾದದ್ದು. ಅರವತ್ತೈದರ ಯುದ್ಧದಲ್ಲಿ ತನಗಿಂತ ದೊಡ್ಡ ಪಾಕಿಸ್ತಾನಿ ಸೇಬರ್ ವಿಮಾನಗಳನ್ನು ಬೆನ್ನಟ್ಟಿ ಹೊಡೆದ ಜಾತಿ. ಹನುಮಯ್ಯ ಹದಿನೆಂಟನೇ ವಯಸ್ಸಿಗೆ ಪಡೆ ಸೇರಿ ಮೊದಲ ಸಲ ಸ್ಪ್ಯಾನರ್ ಹಿಡಿದದ್ದು ಇದರ ಮೇಲೆ. ಆಮೇಲೆ ಮಿಗ್ ಬಂತು, ಸಾರ್ಜೆಂಟ್ ಪಟ್ಟಿ ಬಂತು, ಪಿಂಚಣಿ ಬಂತು, ಮಂಡಿನೋವೂ ಬಂತು. ಅರವತ್ತೊಂಬತ್ತರ ವಯಸ್ಸಿನಲ್ಲಿ ಅವನು ದಿನಾ ಬೆಳಿಗ್ಗೆ ಬಸ್ಸಿಗೆ ನೇತಾಡಿಕೊಂಡು ಬರುತ್ತಿದ್ದದ್ದು ಕಾಲೇಜಿನ ಸಂಬಳಕ್ಕಲ್ಲ. ಆ ಸಂಬಳಕ್ಕೆ ಯಾರೂ ಬರುವುದಿಲ್ಲ. ಅವನು ಬರುತ್ತಿದ್ದದ್ದು ನ್ಯಾಟಿಗೆ.

ವಾಯುಪಡೆಯಲ್ಲಿ ಪ್ರತಿ ವಿಮಾನಕ್ಕೂ ಒಂದು ಪುಸ್ತಕ ಇರುತ್ತದೆ. ವಿಮಾನದ ಮೇಲೆ ಕೈ ಇಟ್ಟವನು ಏನು ಮಾಡಿದೆ ಎಂದು ಬರೆದು ಸಹಿ ಹಾಕಬೇಕು. ಇನ್ನೊಬ್ಬ ಅದನ್ನು ಕಣ್ಣಾರೆ ನೋಡಿ ಪಕ್ಕದಲ್ಲಿ ಸಹಿ ಹಾಕಬೇಕು. ಎರಡು ಸಹಿ ಬೀಳದೆ ವಿಮಾನ ಅಲುಗಾಡುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಒಂದು ಬೆಳಿಗ್ಗೆ ಹನುಮಯ್ಯ, ಹಿರಿಯವನು ನೋಡಿದ್ದಾನಲ್ಲ ಎಂದು, ತಾನು ನೋಡದೆಯೇ ಎರಡನೇ ಸಹಿ ಹಾಕಿಬಿಟ್ಟಿದ್ದ. ಆ ನ್ಯಾಟ್ ಮೇಲೇರುವಾಗ ಪೈಲಟ್ಟಿನ ತಲೆಯ ಮೇಲಿನ ಗಾಜಿನ ಮುಚ್ಚಳ ಕಿತ್ತುಕೊಂಡು ಹಾರಿಹೋಯಿತು. ಪೈಲಟ್ ಹೇಗೋ ಇಳಿಸಿದ. ಹಣೆಯಿಂದ ರಕ್ತ ಸುರಿಯುತ್ತಿದ್ದರೂ ನೇರ ಪುಸ್ತಕದ ಹತ್ತಿರ ಬಂದು, ಆ ಸಹಿಯ ಮೇಲೆ ಬೆರಳಿಟ್ಟು, ಹನುಮಯ್ಯನ ಮುಖ ನೋಡಿ ಹೋದ. ಆಮೇಲೆ ಶಿಕ್ಷೆಯೂ ಆಯಿತು. ಶಿಕ್ಷೆ ಏನೆಂದು ಹನುಮಯ್ಯನಿಗೆ ಈಗ ಸರಿಯಾಗಿ ನೆನಪಿಲ್ಲ. ಬೆರಳು ನೆನಪಿದೆ.

ಅದಕ್ಕೇ ಕಾಲೇಜಿನಲ್ಲೂ ಅವನು ಒಂದು ದಪ್ಪ ಪುಸ್ತಕ ಇಟ್ಟಿದ್ದ. 'ಮೂಗಿನ ಮೇಲೆ ಕಾಗೆ ಹಿಕ್ಕೆ. ಒರೆಸಿದೆ.' 'ಬಾಲದೊಳಗೆ ಅಳಿಲಿನ ಗೂಡು. ಮರಿ ಎರಡು. ದೊಡ್ಡವಾಗುವವರೆಗೆ ತೆಗೆಯತಕ್ಕದ್ದಲ್ಲ.' ಎದುರಿಗೆ ಎರಡನೇ ಸಹಿ ಪ್ರಿನ್ಸಿಪಾಲ್ ತ್ರಿವಿಕ್ರಮ ಅವರದು. ಅವರನ್ನು ಪ್ರತಿ ಸಲವೂ ಅಂಗಳಕ್ಕೆ ಎಳೆದುತಂದು, ಅಳಿಲು ತೋರಿಸಿಯೇ ಹನುಮಯ್ಯ ಸಹಿ ಹಾಕಿಸುತ್ತಿದ್ದ.

ಅಡ್ಮಿಷನ್ ಶುರುವಾಗುವ ವಾರ ಚೇರ್ಮನ್ ಅಂಗಳಕ್ಕೆ ಬಂದು ವಿಮಾನದ ಸುತ್ತ ಎರಡು ಸುತ್ತು ಹಾಕಿದರು.

"ಪಕ್ಕದ ಕಾಲೇಜ್‌ನೋರು ಹೆಲಿಕಾಪ್ಟರ್ ತಂದವ್ರೆ ಕಣ್ರೀ ಹನುಮಯ್ಯ. ನಮ್ದು ಇದೇನು ಹೆಸ್ರು? ನ್ಯಾಟ್ ಅಂದ್ರೆ?"

"ಇಂಗ್ಲಿಷಲ್ಲಿ ನುಸಿ ಅಂತ ಸಾ."

"ನುಸಿ! ಲಕ್ಷ ಲಕ್ಷ ಕಟ್ಟಿ ಮಗನ್ನ ಸೇರ್ಸೋಕೆ ಬರೋರಿಗೆ ನುಸಿ ತೋರಿಸ್ಲಾ ನಾನು? ಭಾನುವಾರ ಪೇರೆಂಟ್ಸ್ ಬರ್ತಾರೆ. ಅಷ್ಟ್ರೊಳಗೆ ಇದು ರಫೇಲ್ ಆಗ್ಬೇಕು."

ಹನುಮಯ್ಯ ಕೋಪವನ್ನು ಹಲ್ಲಿನ ಹಿಂದೆ ಹಿಡಿದುಕೊಂಡ. "ರಫೇಲು ಐವತ್ತಡಿ ಸಾ. ಇದು ಮೂವತ್ತು."

"ಪಕ್ಕದಲ್ಲಿ ಏನೂ ನಿಲ್ಲಿಸ್ಬೇಡಿ. ಅಳತೆ ಗೊತ್ತಾಗಲ್ಲ."

"ಅದಕ್ಕೆ ಎರಡು ಎಂಜಿನ್ನು. ಇದಕ್ಕೆ ಒಂದೇ."

"ಒಳಗಿರೋದು ಯಾರಿಗ್ರೀ ಕಾಣುತ್ತೆ? ಹಿಂದ್ಗಡೆ ಇನ್ನೊಂದು ತೂತು ಬರೆಸಿ."

"ಅದರ ಮೂಗಿನ ಹತ್ರ ಎರಡು ಪುಟ್ಟ ರೆಕ್ಕೆ ಇರ್ತವೆ ಸಾ!"

"ನೋಡಿ, ಇದು ನಂಗ್ ಗೊತ್ತಿರ್ಲಿಲ್ಲ. ತಗಡು ಹೊಡೆಸಿ."

ತಾನೇ ಬಾಯಿಬಿಟ್ಟು ಕೆಡಿಸಿಕೊಂಡೆ ಎಂದು ಹನುಮಯ್ಯ ನಾಲಿಗೆ ಕಚ್ಚಿಕೊಂಡ. ಚೇರ್ಮನ್ ಅವನ ಬೆನ್ನು ತಟ್ಟಿ, "ನಿಮ್ ಕಾಂಟ್ರಾಕ್ಟ್ ಈ ತಿಂಗಳಿಗೆ ಮುಗಿಯತ್ತಲ್ವಾ? ರಿನ್ಯೂ ಮಾಡ್ಬೇಕು ಅನ್ನೋದೇ ನನ್ನಾಸೆ," ಎಂದು ಕಾರು ಹತ್ತಿದರು. ಆಸೆಯನ್ನು ಬೆದರಿಕೆಯ ಹಾಗೆ ಹೇಳುವ ಕಲೆ ಎಲ್ಲರಿಗೂ ಸಿದ್ಧಿಸುವುದಿಲ್ಲ.

ಹನುಮಯ್ಯ ಪುಸ್ತಕ ತೆಗೆದು ಬರೆದ: 'ಈ ನ್ಯಾಟ್ ವಿಮಾನವನ್ನು ರಫೇಲ್ ಎಂದು ಮಾಡಲಾಗಿದೆ. ಮಾಡಿಸಿದವರ ಸಹಿ. ನೋಡಿದವರ ಸಹಿ.' ಬರೆಯುವಾಗ ಅವನಿಗೆ ಒಳಗೊಳಗೇ ಖುಷಿಯಾಯಿತು. ಇಂಥ ಸುಳ್ಳಿನ ಕೆಳಗೆ ಯಾವ ತಾಯಿಯ ಮಗ ತನ್ನ ಹೆಸರು ಬರೆಯುತ್ತಾನೆ?

ಪ್ರಿನ್ಸಿಪಾಲರು ಪುಟ ನೋಡಿ ಕನ್ನಡಕ ಒರೆಸಿದರು. "ಇದು ಆಡಳಿತ ಮಂಡಳಿಗೆ ಸಂಬಂಧಪಟ್ಟ ವಿಷಯ ಹನುಮಯ್ಯನವರೇ. ನಾನು ಶೈಕ್ಷಣಿಕ."

"ನೀವು ಅಳಿಲಿಗೇ ಸೈನ್ ಹಾಕಿದೀರಿ ಸಾರ್."

"ಅಳಿಲು ಇತ್ತಲ್ರೀ!"

"ಅದೇ ನಾನು ಏಳೋದು! ಬ್ರಿಟಿಷರ ಕಾಲದಲ್ಲಿ, ಮೂವತ್ಮೂರರಲ್ಲಿ, ಬಟ್ಟೆ ಸುತ್ತಿದ ನಾಲ್ಕು ವಾಪಿಟಿ ವಿಮಾನ ಇಟ್ಕೊಂಡು ಶುರುವಾಗಿದ್ದು ನಮ್ಮ ಪಡೆ. ಆಮೇಲೆ ಹರಿಕೇನು, ಸ್ಪಿಟ್‌ಫೈರು, ವ್ಯಾಂಪೈರು, ತೂಫಾನಿ, ಹಂಟರು, ನ್ಯಾಟು, ಮಾರುತ. ಯಾವುದಾದ್ರೂ ಇನ್ನೊಂದರ ಹೆಸ್ರು ಇಟ್ಕೊಂಡು ಹಾರಿದ್ದುಂಟಾ? ಮಿಗ್ ಇಪ್ಪತ್ತೊಂದು ಅರವತ್ತು ವರ್ಷ ಹಾರಿ, ಮೊನ್ನೆ ಅದರ ಹೆಸ್ರಲ್ಲೇ ಇಳೀತು. ಇದಕ್ಕೆ ಯಾಕ್ ಸಾರ್ ಈ ಗತಿ?"

ತ್ರಿವಿಕ್ರಮ ಅವರಿಗೆ ಅಷ್ಟರಲ್ಲಿ ಒಂದು ಫೋನ್ ಬಂತು. ಫೋನು ಮೇಜಿನ ಮೇಲೇ ಇತ್ತು, ಸದ್ದೂ ಮಾಡಿರಲಿಲ್ಲ. ಆದರೂ ಬಂತು.

ಅಡ್ಮಿಷನ್ ನೋಡಿಕೊಳ್ಳುವ ಧನುಶ್ರೀ ಪುಸ್ತಕವನ್ನು ಮುಟ್ಟಲೇ ಇಲ್ಲ. "ಅಂಕಲ್, ನಾನು ಬ್ರೋಷರ್‌ನಲ್ಲಿ ಏನ್ ಬೇಕಾದ್ರೂ ಬರೀತೀನಿ. ಸೈನ್ ಮಾತ್ರ ಕೇಳ್ಬೇಡಿ," ಎಂದಳು. ಆ ಕಾಲೇಜಿನಲ್ಲಿ ಹನುಮಯ್ಯ ಕೇಳಿದ ಮೊದಲ ಪ್ರಾಮಾಣಿಕ ಮಾತು ಅದು.

ಸಹಿ ಇರಲಿ ಬಿಡಲಿ, ಶನಿವಾರ ಪೇಂಟರ್ ಅನಂತರಾಜು ಬಂದ. ಹನುಮಯ್ಯನ ಕಣ್ಣೆದುರೇ ವಿಮಾನಕ್ಕೆ ಬೂದು ಬಣ್ಣ ಬಳಿದ, ಬಾಲದ ಕೆಳಗೆ ಎರಡನೇ ಎಂಜಿನ್ನಿನ ಕಪ್ಪು ತೂತನ್ನು ತುಂಬ ಚೆಂದವಾಗಿ ಬರೆದ, ಮೂಗಿನ ಆಚೆ ಈಚೆ ತೂತು ಕೊರೆದು ತಗಡಿನ ರೆಕ್ಕೆ ಬಿಗಿದ. ಡ್ರಿಲ್ಲಿನ ಸದ್ದಿಗೆ ಹನುಮಯ್ಯನ ದವಡೆ ನೋಯಿತು. ಕೊನೆಗೆ ಪಕ್ಕೆಯ ಮೇಲೆ ದೊಡ್ಡದಾಗಿ 'ರಫೇಲ್' ಎಂದೂ, ಅದರ ಕೆಳಗೆ ತನ್ನ ಅಂಗಡಿಯ ಹೆಸರನ್ನೂ ಮೊಬೈಲ್ ನಂಬರನ್ನೂ ಬರೆದ.

"ನೀನೊಬ್ಬನಾದ್ರೂ ಮಾಡಿದ ಕೆಲಸಕ್ಕೆ ಹೆಸ್ರು ಹಾಕ್ದೆ ಕಣಪ್ಪ," ಎಂದ ಹನುಮಯ್ಯ.

ಮನೆಯಲ್ಲಿ ಹೆಂಡತಿ ಮುನಿಕೃಷ್ಣಮ್ಮ ಮುದ್ದೆ ತಿರುವುತ್ತಲೇ ಕೇಳಿದಳು, "ಯಾರೂ ಹಾಕದ ಆ ಸೈನು ನೀವೂ ಹಾಕದಿದ್ರೆ ಏನಾಯ್ತದೆ?"

"ಕೆಲಸ ಓಯ್ತದೆ. ಅದನ್ನ ನೋಡೋಕೂ ಗೇಟೊಳಗೆ ಬಿಡಲ್ಲ."

"ಹಾಕಿದ್ರೆ?"

"ದಿನಾ ನೋಡ್ಬೋದು. ಆದ್ರೆ ಅದು ನ್ಯಾಟ್ ಆಗಿರಲ್ಲ."

"ನನ್ನನ್ನ ನೋಡೋಕೆ ಬಂದಾಗ್ಲೂ ಇಷ್ಟು ಯೋಚ್ನೆ ಮಾಡ್ಲಿಲ್ಲ ನೀವು," ಎಂದು ಅವಳು ಮುದ್ದೆಯನ್ನು ತಟ್ಟೆಗೆ ಇಳಿಸಿದಳು.

ಭಾನುವಾರ ಅಂಗಳದ ತುಂಬ ಶಾಮಿಯಾನ. ತುಮಕೂರು, ಗೌರಿಬಿದನೂರು, ದೊಡ್ಡಬಳ್ಳಾಪುರದಿಂದೆಲ್ಲ ಅಪ್ಪಂದಿರು ಅಮ್ಮಂದಿರು ಬಂದಿದ್ದರು. ಚೇರ್ಮನ್ ಮೈಕಿನಲ್ಲಿ, "ಇಡೀ ಹೆಸರಘಟ್ಟ ರಸ್ತೆಗೆ ರಫೇಲ್ ಇರೋದು ನಮ್ಮಲ್ಲಿ ಮಾತ್ರ!" ಎಂದರು. ಅದೊಂದು ಸುಳ್ಳೆಂದು ಸಾಬೀತು ಮಾಡಲು ಯಾರಿಗೂ ಆಗುತ್ತಿರಲಿಲ್ಲ. ಬೇರೆ ಯಾರಲ್ಲೂ ಇರಲಿಲ್ಲ ಎಂಬುದಂತೂ ನಿಜವೇ.

ಹನುಮಯ್ಯ ವೇದಿಕೆ ಹತ್ತಿ ಪುಸ್ತಕ ಚಾಚಿದ. "ಇಷ್ಟು ಜನದ ಮುಂದೆ ರಫೇಲ್ ಅಂತ ಏಳಿದೀರಿ ಸಾ. ಇಲ್ಲೊಂದು ಸೈನ್ ಹಾಕ್ಬಿಡಿ."

ಚೇರ್ಮನ್ ತಡವರಿಸುತ್ತಾರೆ, ಬೆವರುತ್ತಾರೆ, ಇಷ್ಟು ಜನರ ಮುಂದೆ ಸಿಕ್ಕಿಬೀಳುತ್ತಾರೆ ಎಂದು ಅವನು ಲೆಕ್ಕ ಹಾಕಿದ್ದ. ಅವರು ಜೇಬಿನಿಂದ ಚಿನ್ನದ ಬಣ್ಣದ ಪೆನ್ನು ತೆಗೆದು, ಸುರ್ ಎಂದು ಎರಡು ಗೆರೆ ಎಳೆದು, ಕ್ಯಾಮೆರಾ ಕಡೆ ತಿರುಗಿ ನಕ್ಕರು. ಕೆರೆಯ ಅಂಗಳವನ್ನು ಸೈಟು ಎಂದು ಬರೆದುಕೊಟ್ಟ ಕೈ ಅದು. ಅದಕ್ಕೆ ನುಸಿಯನ್ನು ರಫೇಲ್ ಎಂದು ಬರೆಯುವುದು ಯಾವ ಮಹಾ ಕಷ್ಟ? ನಲವತ್ತೊಂಬತ್ತು ವರ್ಷ ಸಹಿಗೆ ಹೆದರಿಕೊಂಡು ಬದುಕಿದ ಹನುಮಯ್ಯನಿಗೆ, ಹೆದರದೆ ಸಹಿ ಹಾಕುವ ಜನರೂ ಇದ್ದಾರೆಂದು ಅರವತ್ತೊಂಬತ್ತರಲ್ಲಿ ತಿಳಿಯಿತು.

"ಇನ್ನೊಂದು ನಿಮ್ದೇ ಅಲ್ವಾ? ಹಾಕಿ, ಹಾಕಿ. ಎಕ್ಸ್‌ಪರ್ಟ್ ನೀವು," ಎಂದು ಚೇರ್ಮನ್ ಪೆನ್ನನ್ನು ಅವನಿಗೇ ಕೊಟ್ಟರು.

ಹನುಮಯ್ಯ ಅವರ ಪೆನ್ನು ವಾಪಸು ಕೊಟ್ಟು ತನ್ನದನ್ನೇ ತೆಗೆದ. 'ನೋಡಿದೆ. ಇದು ನ್ಯಾಟ್,' ಎಂದು ಬರೆದು ಸಹಿ ಹಾಕಿದ.

ಚೇರ್ಮನ್ ಮೈಕಿನ ಮೇಲೆ ಕೈ ಮುಚ್ಚಿಕೊಂಡರು. "ನಾಳೆಯಿಂದ ಬರ್ಬೇಡ್ರೀ."

"ಸರಿ ಸಾ. ಇವತ್ತು ಐದು ಗಂಟೇವರೆಗೂ ಡ್ಯೂಟಿ ನಂದೇ."

ಮೆಟ್ಟಿಲು ಇಳಿದು ಹೋಗಿ ವಿಮಾನದ ಪಕ್ಕ ನಿಂತ. ಮೈಕು ರಫೇಲ್ ಎನ್ನುತ್ತಿತ್ತು, ಹನುಮಯ್ಯ ಬಂದವರಿಗೆಲ್ಲ "ನ್ಯಾಟು, ನ್ಯಾಟು" ಎನ್ನುತ್ತಿದ್ದ. ಜನ ನಕ್ಕು ಫೋಟೋ ತೆಗೆಸಿಕೊಂಡು ಹೋದರು. ಒಬ್ಬ ತಾಯಿ, "ತಾತ, ಸ್ವಲ್ಪ ಸರೀರಿ, ರಫೇಲಿಗೆ ಅಡ್ಡ ಆಗ್ತೀರ," ಎಂದಳು. ಅವನು ಸರಿಯಲಿಲ್ಲ.

ಮೂರು ಗಂಟೆಗೆ ಗೌರಿಬಿದನೂರಿನ ರೇಷ್ಮೆ ವ್ಯಾಪಾರಿಯೊಬ್ಬ ಬಂದು ಚಿತ್ರ ಬರೆದ ತೂತಿನೊಳಗೆ ಕೈಹಾಕಲು ಹೋದ. ಬೆರಳಿಗೆ ಕಪ್ಪು ಬಣ್ಣ ಮೆತ್ತಿತು.

"ಇದು ರಫೇಲ್ ಅಲ್ವಾ ಅಂಗಾರೆ?"

"ಅಲ್ಲ ಕಣಪ್ಪ. ನ್ಯಾಟು."

"ಚಿಕ್ಕದಾ?"

"ಚಿಕ್ಕದೇ."

ವ್ಯಾಪಾರಿ ಗಂಭೀರವಾಗಿ ಯೋಚಿಸಿದ. "ಅಂಗಾರೆ ಫೀಸೂ ಕಮ್ಮಿ ಮಾಡ್ಬೇಕಲ್ವಾ?"

ಒಂದು ವಾರದಲ್ಲಿ ಮೊದಲ ಸಲ ಹನುಮಯ್ಯ ನಕ್ಕ. "ನ್ಯಾಯವಾದ ಮಾತು. ಓಗಿ ಕೇಳು!"

ವ್ಯಾಪಾರಿ ನಿಜಕ್ಕೂ ಅಡ್ಮಿಷನ್ ಕೌಂಟರಿಗೆ ಹೋಗಿ ಕೇಳಿದ. ಅವನ ಹಿಂದೆ ನಿಂತಿದ್ದವನು ಅದನ್ನು ಕೇಳಿಸಿಕೊಂಡ. ಹತ್ತು ನಿಮಿಷದಲ್ಲಿ ಕೌಂಟರಿನ ಮುಂದೆ ನಲವತ್ತು ಜನ, ರಫೇಲ್ ಎಂದು ನುಸಿ ತೋರಿಸಿದ್ದಕ್ಕೆ ಎಷ್ಟು ಬಿಡುತ್ತೀರಿ ಎಂದು ಚೌಕಾಸಿಗೆ ನಿಂತರು. ಧನುಶ್ರೀಯ ತಲೆ ಬಲು ಚುರುಕು. "ಸಾರ್, ರಫೇಲ್ ಸುಮ್ನೆ ಮಕ್ಕಳಿಗೆ ತೋರ್ಸೋಕೆ ಮಾಡಿದ ಮೇಕಪ್ಪು. ಒಳಗಿರೋದು ಒರಿಜಿನಲ್ ಯುದ್ಧದ ವಿಮಾನ. ಒರಿಜಿನಲ್! ಅದರ ಮೇಲೆ ಕೆಲಸ ಮಾಡಿದ ಸಾರ್ಜೆಂಟೇ ನಮ್ಮಲ್ಲಿದ್ದಾರೆ. ನಾಳೆ ಅವರೇ ಮಾತಾಡ್ತಾರೆ," ಎಂದಳು. ಒರಿಜಿನಲ್ ಎಂಬ ಮಾತಿಗೆ ಜನ ತಣ್ಣಗಾದರು.

ನಾಲ್ಕೂವರೆಗೆ ಚೇರ್ಮನ್ ಓಡೋಡಿ ಬಂದರು, ಹಿಂದೆ ಪ್ರಿನ್ಸಿಪಾಲರು. ಸತ್ಯಕ್ಕೆ ಬೆಲೆ ಇದೆ ಎಂದು ಯಾರೋ ಕಿವಿಯಲ್ಲಿ ಹೇಳಿದ ಹಾಗೆ ಅವರ ಮುಖ ಹೊಳೆಯುತ್ತಿತ್ತು.

"ಹನುಮಯ್ಯನವ್ರೇ, ನಾನ್ ಮೊದ್ಲಿಂದ್ಲೂ ಹೇಳ್ತಿದ್ದೆ, ಇದು ಹೆರಿಟೇಜ್ ಅಂತ! ಆ ತಗಡು ಬಿಚ್ಚಿಸಿ, ಹೆಸ್ರು ಅಳಿಸಿ. ನಾಳೆ ಹತ್ತಕ್ಕೆ ನೀವೇ ಮೈಕ್ ಹಿಡೀರಿ. ಕಾಂಟ್ರಾಕ್ಟ್ ಎರಡು ವರ್ಷಕ್ಕೆ ಮಾಡ್ಸಿದೀನಿ."

ಪಕ್ಕೆಯ ಮೇಲಿನ ನಂಬರಿಗೆ ಫೋನು ಹೋಗಿ, ಅನಂತರಾಜು ಬಂದು ತಗಡು ಬಿಚ್ಚಿದ. ಹನುಮಯ್ಯ ಸ್ಕ್ರೂಗಳನ್ನು ಒಂದೊಂದಾಗಿ ಕೈಗೆ ತೆಗೆದುಕೊಂಡ. ಏಳು.

"ಎಂಟು ಹಾಕಿದ್ದೆ ನೀನು. ಇನ್ನೊಂದೆಲ್ಲಿ?"

"ಎಲ್ಲೋ ಬಿತ್ತು ಬಿಡಿ ಸಾರ್. ಒಂದ್ ಸ್ಕ್ರೂ ತಾನೆ?"

"ನೀನು ಕೊರೆದ ತೂತು ಎಂಜಿನ್ನಿಗೆ ಗಾಳಿ ಹೋಗೋ ಬಾಯಿ ಪಕ್ಕದಲ್ಲೇ ಐತೆ. ಎಂಜಿನ್ನೊಳಗೆ ಬಿದ್ದಿದ್ರೆ? ಅದು ಸಿಗೋವರೆಗೂ ವಿಮಾನ ಬಿಡೋ ಅಂಗಿಲ್ಲ. ಯಾರೂ ಮನೆಗೆ ಹೋಗೋ ಅಂಗೂ ಇಲ್ಲ."

"ಹನುಮಯ್ಯನವರೇ, ಆ ಎಂಜಿನ್ ತಿರುಗಿ ನಲವತ್ತು ವರ್ಷ ಆಯ್ತು," ಎಂದು ತ್ರಿವಿಕ್ರಮ ಮೆಲ್ಲಗೆ ನೆನಪಿಸಿದರು.

"ಅದು ಎಂಜಿನ್ನಿನ ವಿಷಯ ಸಾರ್. ನಾನು ಏಳ್ತಿರೋದು ಸ್ಕ್ರೂ ವಿಷಯ. ಸಿಗದಿದ್ರೆ ನಾಳೆ ಮೈಕಲ್ಲಿ ಅದನ್ನೇ ಏಳ್ತೀನಿ."

ಪ್ರಿನ್ಸಿಪಾಲರು ಪ್ಯಾಂಟು ಮಡಿಸಿ ಹುಲ್ಲಿನೊಳಗೆ ಇಳಿದರು. ಧನುಶ್ರೀ ಮೊಬೈಲಿನ ಟಾರ್ಚ್ ಹಚ್ಚಿ ವಿಮಾನದ ಬಾಯೊಳಗೆ ಇಣುಕಿದಳು. ಚೇರ್ಮನ್ ಸೊಂಟದ ಮೇಲೆ ಕೈಯಿಟ್ಟುಕೊಂಡು ಬೂಟಿನ ತುದಿಯಲ್ಲಿ ಹುಲ್ಲು ಕೆದಕಿದರು.

"ಇಂಥದ್ದು ಒಂದ್ ಡಬ್ಬಿ ತರಿಸ್ಕೊಡ್ತೀನಿ ಕಣ್ರೀ!"

"ಡಬ್ಬಿ ಬೇಡ ಸಾ. ಆ ಒಂದೇ ಬೇಕು," ಎಂದ ಹನುಮಯ್ಯ. "ಸ್ವಲ್ಪ ಬಗ್ಗಿ. ನಿಂತ್ಕೊಂಡು ಹುಡುಕಿದ್ರೆ ಸಿಗಲ್ಲ."